ರಾಮಾಂಜಿನಪ್ಪನವರ ಮೇಲ್ಮನೆಯ ದೆವ್ವ

ಬೈಯಪ್ಪನಹಳ್ಳಿಯ ರಾಮಾಂಜಿನಪ್ಪನವರ ಗೇಟಿಗೆ ತೂಗುಹಾಕಿದ್ದ ‘ಮೇಲ್ಮನೆ ಬಾಡಿಗೆಗಿದೆ’ ಎಂಬ ತಗಡಿನ ಬೋರ್ಡನ್ನು ಅವತ್ತು ಬಿಚ್ಚಿ ಪಕ್ಕಕ್ಕಿಟ್ಟಿದ್ದರೆ ಕಿರಣಕುಮಾರನಿಗೆ ಈ ಪಾಡು ಬರುತ್ತಿರಲಿಲ್ಲ. ಬಿಚ್ಚಲು ಅವನು ಹೋಗಿಯೂ ಇದ್ದ. ಆದರೆ ಕಟ್ಟಿದ ತಂತಿ ತುಕ್ಕು ಹಿಡಿದು ಕೂತಿತ್ತು. ಕ್ಯಾಮೆರಾ ಹಿಡಿದಿದ್ದ ಗೆಳೆಯ ಸುಗತ, “ಇರ್ಲಿ ಬಿಡು ಮಗಾ, ಆ ಹಳೇ ಬೋರ್ಡಿಗೇ ಒಂದು ಲುಕ್ಕಿದೆ” ಎಂದುಬಿಟ್ಟ. ಹೀಗೆ ಬೋರ್ಡು, ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದ ರಾಮಾಂಜಿನಪ್ಪನವರ ಮೊಬೈಲ್ ನಂಬರು, ಎರಡೂ ಸಿನಿಮಾದೊಳಗೆ ಸೇರಿಕೊಂಡವು.

ಸಿನಿಮಾ ಎಂದರೆ ಥಿಯೇಟರಿನ ಸಿನಿಮಾ ಅಲ್ಲ. ಕಿರಣ ಕಂಟೋನ್ಮೆಂಟ್ ಕಡೆಯ ಒಂದು ಕಾಲೇಜಿನಲ್ಲಿ ಮಾಧ್ಯಮ ಮತ್ತು ಸಂವಹನ ಓದುತ್ತಿದ್ದ ಕೊನೆಯ ವರ್ಷದ ಹುಡುಗ. ಪದವಿ ಮುಗಿಸಿ ಹೊರಡುವವರು ತಲೆಗೊಂದು ಚಿತ್ರ ಮಾಡಿಕೊಡಬೇಕು. ಕಾಲೇಜು ಅದನ್ನೆಲ್ಲ ಸೇರಿಸಿ ‘ಹೊಸಕಣ್ಣು’ ಎಂಬ ಆನ್‌ಲೈನ್ ಉತ್ಸವ ನಡೆಸುತ್ತದೆ. ಕಿರಣ ಮಾಡಿದ್ದು ದೆವ್ವದ ಕಿರುಚಿತ್ರ. ಬಾಡಿಗೆ ಮನೆಯಿಂದ ಹೊರಹಾಕಿಸಿಕೊಂಡ ಹೆಂಗಸೊಬ್ಬಳು ಸತ್ತ ಮೇಲೂ ಅದೇ ಮನೆಗೆ ಮತ್ತೆ ಮತ್ತೆ ಬರುವ, ಹೊಸದಾಗಿ ಬಂದವರನ್ನೆಲ್ಲ ಓಡಿಸುವ ಕತೆ.

ಮನೆ ಯಾವುದು? ರಾಮಾಂಜಿನಪ್ಪನವರ ಖಾಲಿ ಮೇಲ್ಮನೆ. ಯಾರಾದರೂ ಮನೆ ನೋಡಲು ಬಂದರೆ ತೋರಿಸಪ್ಪ ಎಂದು ಅವರು ನಂಬಿ ಕೊಟ್ಟಿದ್ದ ಬೀಗದ ಕೈ ಕಿರಣನ ಹತ್ತಿರವೇ ಇತ್ತು. ಓನರ್ ದಂಪತಿ ಹೊರಮಾವಿನ ಮಗಳ ಮನೆಗೆ ಹೋದ ಭಾನುವಾರ ನೋಡಿ ಕೆಲಸ ಮುಗಿಸಿದ್ದ. ಅಡುಗೆಮನೆಯ ದೃಶ್ಯವನ್ನು ಮಾತ್ರ ಕೆಳಗಿನ ತಮ್ಮ ಬಾಡಿಗೆ ಮನೆಯಲ್ಲೇ ತೆಗೆದಿದ್ದ. ಅಷ್ಟು ಚೆನ್ನಾಗಿ ಮಸಿ ಹಿಡಿದ ಗೋಡೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಇನ್ನು ದೆವ್ವ ಯಾರು? ಅವನ ತಾಯಿ ಭೀಮಬಾಯಿ. ಈ ವಿಷಯ ಭೀಮಬಾಯಿಗೇ ಗೊತ್ತಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಕೂದಲು ಹರಡಿ ಒಲೆಯ ಮುಂದೆ ಕೂತಿದ್ದವಳಿಗೆ, “ಯವ್ವಾ, ಹಂಗೇ ಈ ಕಡಿ ನೋಡು, ನಗಬ್ಯಾಡ” ಎಂದು ಹೇಳಿ ಚಿತ್ರಿಸಿಕೊಂಡಿದ್ದ. ಕೇಳಿದಾಗ ತಾಯಿ ಪಾತ್ರ ಎಂದಿದ್ದ.

ಇಷ್ಟೆಲ್ಲ ಧೈರ್ಯ ಅವನಿಗೆ ಬಂದದ್ದು ಆನ್‌ಲೈನ್ ಎಂಬ ಒಂದು ಮಾತಿನಿಂದ. ಸಭಾಂಗಣದಲ್ಲಿ ನಡೆದರೆ ಅಪ್ಪ ಅಮ್ಮ ಬರುತ್ತಾರೆ, ಅಕ್ಕಪಕ್ಕದವರು ಬರುತ್ತಾರೆ. ಆನ್‌ಲೈನಿನಲ್ಲಿ ಯಾರು ನೋಡುತ್ತಾರೆ? ಕಾಲೇಜಿನವರೇ ಲಿಂಕು ಕಳಿಸಿ, ಕಾಲೇಜಿನವರೇ ಹೃದಯದ ಚಿತ್ರ ಒತ್ತಿ, ಕಾಲೇಜಿನವರೇ ಮರೆಯುತ್ತಾರೆ ಎಂದು ಅವನು ತಿಳಿದಿದ್ದ.

ಉತ್ಸವದ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಫೋನು ತೆಗೆದವನಿಗೆ ಬಾಯಲ್ಲಿದ್ದ ನೊರೆ ಒಳಗೇ ಇಳಿಯಿತು. ವಠಾರಕ್ಕೊಂದು ವಾಟ್ಸಾಪ್ ಗುಂಪಿತ್ತು. ‘ಮೋಟಾರ್ ಹಾಕಿದೆ’, ‘ಮೋಟಾರ್ ನಿಲ್ಲಿಸಿದೆ’ ಎಂಬ ಎರಡು ಮಾತು ಬಿಟ್ಟರೆ ಅದರಲ್ಲಿ ರಾಮಾಂಜಿನಪ್ಪನವರು ಬೇರೇನೂ ಬರೆದವರಲ್ಲ. ಅಂಥ ನೀರಿನ ಗುಂಪಿನಲ್ಲಿ ಇವತ್ತು ‘ಹೊಸಕಣ್ಣು’ ಪೋಸ್ಟರ್ ಮಿನುಗುತ್ತಿತ್ತು. ಕೆಳಗೆ ಭೀಮಬಾಯಿಯ ಧ್ವನಿ: “ನನ್ನ ಮಗ ಸಿನಿಮಾ ಮಾಡ್ಯಾನ್ರಿ. ನಾನೇ ಹೀರೋಯಿನ್. ಎಲ್ಲಾರೂ ನೋಡಬೇಕ್ರಿ ಮತ್ತ.”

ಅದರ ಕೆಳಗೆ ರಾಮಾಂಜಿನಪ್ಪನವರ ಉತ್ತರ: ‘ಶುಭಾಶಯ. ಸಂಜೆ ನಮ್ಮ ಮನೆ ದೊಡ್ಡ ಟಿವಿಯಲ್ಲಿ ಎಲ್ಲರೂ ಸೇರಿ ನೋಡೋಣ. ಆಂಜನಮ್ಮ ಬೋಂಡ ಮಾಡುತ್ತಾರೆ.’

ಆಂಜನಮ್ಮ ಅವರ ಹೆಂಡತಿ. ಯಾರಿಗೂ ಒಂದು ಲೋಟ ನೀರು ಹೆಚ್ಚು ಬಿಡದ ಮನೆಯಲ್ಲಿ ಬೋಂಡ ಎಂದರೆ ವಿಷಯ ಕೈಮೀರಿದೆ ಎಂದೇ ಅರ್ಥ.

“ಯವ್ವಾ! ಯಾರ್ ಹೇಳಿದ್ರು ನಿನಗ ಅದನ್ನ ಗುಂಪಿನ್ಯಾಗ ಹಾಕು ಅಂತ?”

“ಯಾರ್ ಯಾಕ ಹೇಳಬೇಕು? ನೀ ಕಳಸೀದಿ, ನಾ ಮುಂದ ಕಳಸೀನಿ,” ಎಂದಳು ಭೀಮಬಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಮಾಲಕರು ಎಷ್ಟ್ ಖುಷಿ ಆಗ್ಯಾರ ಗೊತ್ತದ ಏನು?”

“ಅದು ದೆವ್ವದ ಸಿನಿಮಾ ಯವ್ವಾ. ಅವರ ಮ್ಯಾಲಿನ ಮನ್ಯಾಗೇ ತೆಗದೀನಿ. ಅವರಿಗಿ ಕೇಳಿಲ್ಲ.”

ರೊಟ್ಟಿಯ ಸದ್ದು ನಿಂತಿತು. ಕಳೆದ ವರ್ಷ ಕೊನೆಯ ಮನೆಯವರು ಗೋಡೆಗೆ ಮೊಳೆ ಹೊಡೆದರೆಂದು ರಾಮಾಂಜಿನಪ್ಪನವರು ಅವರನ್ನು ತಿಂಗಳೊಳಗೆ ಖಾಲಿ ಮಾಡಿಸಿದ್ದು ಇಬ್ಬರ ಕಣ್ಣ ಮುಂದೆಯೂ ಬಂದು ನಿಂತಿತು. ಮೊಳೆ ಹೊಡೆದವರಿಗೇ ಆ ಗತಿ. ಯುಗಾದಿಯಿಂದ ಖಾಲಿ ಬಿದ್ದಿರುವ ಮನೆಗೆ ದೆವ್ವವನ್ನೇ ಹೊಗಿಸಿದವನಿಗೆ ಏನು ಗತಿ?

“ತಮ್ಮಾ,” ಎಂದಳು ಭೀಮಬಾಯಿ ಮೆಲ್ಲಗೆ. “ನಿಮ್ಮಪ್ಪ ಮೆಟ್ರೋ ಡಿಪೋದಾಗ ಬೋಗಿ ತೊಳೀತಾನ. ಯಾವ ಹೊತ್ತಿಗಿ ಕರದ್ರೂ ನಡ್ಕೋತ ಹೋಗಿ ನಡ್ಕೋತ ಬರ್ತಾನ. ಈ ಬಾಡಗಿಗಿ ಈ ಕಡಿ ಇನ್ನೊಂದು ಮನಿ ಸಿಗಲ್ಲ. ಈ ಮನಿ ಹೋತಂದ್ರ ನಾವು ಎಲ್ಲಿಗಿ ಹೋಗೂದು? ಏನರ ಮಾಡು, ಆದ್ರ ಅವರು ಅದನ್ನ ನೋಡಬಾರದು.”

ಸುಗತನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕಿರಣ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ರೈಲು ಹತ್ತಿದ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಬೆನ್ಸನ್ ಟೌನಿನ ತನಕ ಓಡಿದ. ಸುಗತ ತನ್ನ ಅಜ್ಜಿಯ ಹಳೇ ಮನೆಯ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ.

“ಫಿಲ್ಮ್ ತೆಗ್ಸೋ,” ಎಂದ ಕಿರಣ.

“ಯಾವ್ದನ್ನ?”

“ನಮ್ದನ್ನ! ಓನರ್ ನೋಡ್ತಾರಂತೆ. ಟಿವಿ ಮುಂದೆ ವಠಾರಾನೇ ಕೂರ್ತಿದೆ. ಬೋಂಡ ಬೇರೆ.”

ಸುಗತ ಎದ್ದು ಕೂತ. “ಬೋಂಡ ಯಾವ್ದು, ಆಲೂಗಡ್ಡೇದಾ?”

ಕಿರಣನ ಮುಖ ನೋಡಿ ಅವನು ತಮಾಷೆ ಬಿಟ್ಟ. “ಆಗಲ್ಲ ಗುರು. ಎಲ್ಲಾ ಫಿಲ್ಮೂ ಒಂದೇ ಫೈಲ್ ಮಾಡಿ ಮೇಡಂಗೆ ಕೊಟ್ಟಾಗಿದೆ. ಅದು ತಾನಾಗೇ ಶುರುವಾಗತ್ತೆ, ತಾನಾಗೇ ಮುಗಿಯತ್ತೆ. ಬೋರ್ಡಿನ ನಂಬರ್ ಮಸುಕು ಮಾಡು ಅಂತ ನೀನು ಮೊನ್ನೆ ಹೇಳಿದ್ರೂ ಮಾಡ್ತಿದ್ದೆ.”

ನಂಬರಿನ ನೆನಪು ಕಿರಣನಿಗೆ ಆಗಲೇ ಬಂದದ್ದು. ಮನೆ ಗುರುತು ಸಿಗದೆ ಹೋಗಬಹುದು ಎಂಬ ಸಣ್ಣ ಆಸೆಯೊಂದು ಅವನ ಮನಸ್ಸಿನ ಮೂಲೆಯಲ್ಲಿತ್ತು. ಅದೂ ಅಲ್ಲೇ ಸತ್ತಿತು.

ಉಳಿದದ್ದು ಉತ್ಸವದ ಉಸ್ತುವಾರಿ ಸುಕನ್ಯ ಮೇಡಂ. ಕಿರಣ ಅವರಿಗೆ ಫೋನ್ ಮಾಡಿದ. “ಮ್ಯಾಮ್, ನಮ್ಮ ಫಿಲ್ಮ್ ಬೇಡ ಮ್ಯಾಮ್. ತೆಗೆದುಬಿಡಿ. ಅಷ್ಟು ಚೆನ್ನಾಗಿ ಬಂದಿಲ್ಲ.”

“ಪ್ರತೀ ವರ್ಷ ಒಬ್ರು ಹೀಗೆ ಫೋನ್ ಮಾಡ್ತಾರೆ ಕಿರಣ್,” ಎಂದರು ಮೇಡಂ ಬಹಳ ಪ್ರೀತಿಯಿಂದ. “ಭಯ ಪಡಬಾರದು. ತೆಗೆದ್ರೆ ಪ್ರಾಜೆಕ್ಟ್ ಮಾರ್ಕ್ಸ್ ಬರಲ್ಲ, ಮಾರ್ಕ್ಸ್ ಬರದೆ ಡಿಗ್ರಿ ಬರಲ್ಲ. ಆಮೇಲೆ ಇನ್ನೊಂದು. ಈ ಸಲ ವೆಬ್ ಸೀರೀಸ್ ಕಂಪನಿಯವರು ನೋಡ್ತಿದಾರೆ.”

“ಹಾಗಾದ್ರೆ ಯಾರೂ ನೋಡದೇ ಇರೋ ಕಡೆ ಎಲ್ಲಾದ್ರೂ ಹಾಕಿ ಮ್ಯಾಮ್.”

ಮೇಡಂ ನಕ್ಕರು. “ನಿನ್ನ ಈ ಸಂಕೋಚ ನನಗಿಷ್ಟ ಆಯ್ತು. ನಿಮ್ಮದನ್ನೇ ಸಮಾರೋಪ ಚಿತ್ರ ಮಾಡಿದೀನಿ. ಕೊನೇಗೆ ಬರತ್ತೆ, ಎಲ್ಲರೂ ಕಾಯ್ತಾರೆ.”

ಕಿರಣ ಫೋನ್ ಇಟ್ಟು ಸುಗತನ ಮಂಚದ ಮೇಲೆ ಕುಸಿದ. ಸುಗತ ಅವನ ಬೆನ್ನು ಸವರಿ ಒಂದು ಉಪಾಯ ಹೇಳಿಕೊಟ್ಟ. “ಫಿಲ್ಮ್ ನಿಲ್ಸಕ್ಕಾಗಲ್ಲ. ಆದ್ರೆ ನಿಮ್ ಓನರ್ ಮನೆ ನೆಟ್ ನಿಲ್ಲಿಸ್ಬಹುದಲ್ಲ?”

ಮಧ್ಯಾಹ್ನ ವಠಾರದಲ್ಲಿ ಎಲ್ಲರೂ ಊಟ ಮಾಡಿ ಕಣ್ಣು ಮುಚ್ಚಿದ ಹೊತ್ತಿಗೆ ಕಿರಣ ಒದ್ದೆ ಪಂಚೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ತಾರಸಿ ಹತ್ತಿದ. ಪಂಚೆ ನೆಪಕ್ಕೆ. ತಾರಸಿಯ ಮೂಲೆಯಲ್ಲಿ ಕಂಬದಿಂದ ಬಂದ ವೈರುಗಳು ಹಾವಿನ ಗೂಡಿನ ಹಾಗೆ ಸುತ್ತಿಕೊಂಡಿದ್ದವು. ಯಾವುದು ಓನರಿನದು? ಮನೆ ಎಲ್ಲಕ್ಕಿಂತ ದೊಡ್ಡದಾಗಿರುವವರ ವೈರೂ ದಪ್ಪಗಿರಬೇಕು ಎಂದು ತರ್ಕಿಸಿ ಅತಿ ದಪ್ಪನೆಯದನ್ನು ಹಿಡಿದು ಎಳೆದ.

ಕೆಳಗಿನಿಂದ ಒಂದು ಚೀರಾಟ ಕೇಳಿಸಿತು. ಅದು ಟೈಲರಿಂಗ್ ಮಾಡುವ ಶಮೀಮ್ ಆಂಟಿ. ಅವರ ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಕೆನ್ನೆಗೆ ಬಾರಿಸಲು ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ಟಿವಿ ಕಪ್ಪಾಗಿತ್ತು. ಆಂಟಿ ಅಳತೆಯ ಟೇಪನ್ನು ಕತ್ತಿಗೆ ಹಾಕಿಕೊಂಡೇ ತಾರಸಿಗೆ ಬಂದು ನೋಡುತ್ತಾರೆ, ಕಿರಣನ ಕೈಯಲ್ಲಿ ತುಂಡು ವೈರು.

“ಅರೇ! ಕ್ಯಾ ಕರ್ರಾ ಬೇಟಾ?”

“ನೆಟ್... ನೆಟ್ ಸರಿ ಇದ್ಯಾ ಅಂತ ನೋಡ್ತಿದ್ದೆ ಆಂಟಿ. ಸಂಜೆಗೆ ತೊಂದ್ರೆ ಆಗ್ಬಾರ್ದಲ್ಲ,” ಎಂದು ಕಿರಣ ಬಾಯಿಗೆ ಬಂದದ್ದು ಹೇಳಿದ.

ಶಮೀಮ್ ಆಂಟಿಯ ಕೋಪ ಅಲ್ಲೇ ಕರಗಿತು. ಮೆಟ್ಟಿಲ ಮೇಲಿಂದಲೇ ಕೂಗಿದರು: “ರಾಮಾಂಜಿನಪ್ಪಣ್ಣಾ, ನೋಡ್ರೀ ಪಾಪ! ಮಗು ಬಿಸಿಲಲ್ಲಿ ವೈರ್ ಚೆಕ್ ಮಾಡ್ತಾ ಇದೆ. ಎಲ್ಲಾ ಲಡ್ಡಾಗಿದೆ, ಮುಟ್ಟಿದ್ರೆ ಕೈಗೆ ಬರ್ತದೆ!”

ರಾಮಾಂಜಿನಪ್ಪನವರು ನಿದ್ದೆಗಣ್ಣಿನಲ್ಲೇ ಕೇಬಲ್ ಗಯಾಜನಿಗೆ ಫೋನ್ ಮಾಡಿದರು. ಗಯಾಜ್ ಬಂದ. ಹಳೇ ವೈರೆಲ್ಲ ಕಿತ್ತೆಸೆದು ಕಂಬದಿಂದ ಹೊಸ ಲೈನ್ ಎಳೆದ. “ಇನ್ನು ಸಿಡಿಲು ಹೊಡೆದ್ರೂ ಕಟ್ ಆಗಲ್ಲ ಅಣ್ಣ,” ಎಂದು ಭರವಸೆ ಕೊಟ್ಟ. ರಾಮಾಂಜಿನಪ್ಪನವರು ಕಿರಣನ ಭುಜ ತಟ್ಟಿ, “ಓದಿದ್ ಮಕ್ಳು ಅಂದ್ರೆ ಹಿಂಗಿರ್ಬೇಕು. ಮುಂಚೇನೇ ಯೋಚ್ನೆ ಮಾಡ್ತೀಯಲ್ಲಪ್ಪ,” ಎಂದರು. ಭುಜ ತಟ್ಟಿದ ಆ ಕೈಯೇ ಸಂಜೆ ಕುತ್ತಿಗೆ ಹಿಡಿಯುವುದನ್ನು ನೆನೆದು ಕಿರಣನಿಗೆ ಬೆವರು ಬಂತು.

ಇನ್ನು ದೇವರೇ ದಿಕ್ಕು. ಆ ಬೀದಿಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಗುವುದು ವಾಡಿಕೆ. ಇವತ್ತೊಂದು ದಿನ ಸರಿಯಾಗಿ ಹೋಗಲಿ ಎಂದು ಬೇಡಿಕೊಂಡ. ಅವತ್ತು ದೀಪ ಮಿಣುಕಲೂ ಇಲ್ಲ.

ಸಂಜೆ ರಾಮಾಂಜಿನಪ್ಪನವರ ನಡುಮನೆ ತುಂಬಿತು. ಗೋಡೆಯಗಲದ ಟಿವಿ. ಅದರ ಮುಂದೆ ಒಂದೇ ಒಂದು ಸೋಫಾ, ಅದರಲ್ಲಿ ರಾಮಾಂಜಿನಪ್ಪನವರು. ಪಕ್ಕದ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟು ಭೀಮಬಾಯಿ. ದೆವ್ವದ ಸಿನಿಮಾ ಎಂದು ಮಗ ಹೇಳಿದ್ದನಾದರೂ ಅದರಲ್ಲಿ ತನ್ನ ಪಾಲು ಏನೆಂದು ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಉಳಿದವರು ಚಾಪೆಯ ಮೇಲೆ. ಕಿರಣ ಬಾಗಿಲ ಪಕ್ಕ, ಓಡಲು ಅನುಕೂಲವಾಗುವ ಹಾಗೆ ನಿಂತ.

ಮೊದಲ ಚಿತ್ರ ಕೆರೆಯ ನೊರೆಯ ಬಗ್ಗೆ. ಎರಡನೆಯದರಲ್ಲಿ ಒಬ್ಬ ಹುಡುಗಿ ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡಿದಳು. “ಬಸ್ಸು ಬರಲಿಲ್ಲ ಅನ್ಸತ್ತೆ,” ಎಂದರು ಶಮೀಮ್ ಆಂಟಿ. ಮೂರನೆಯದು ಶುರುವಾಗುವಷ್ಟರಲ್ಲಿ ರಾಮಾಂಜಿನಪ್ಪನವರ ತಲೆ ಎದೆಯ ಮೇಲೆ ಬಾಗಿತು. ಸಣ್ಣಗೆ ಗೊರಕೆ ಕೇಳಿಸಿತು. ಕಿರಣನಿಗೆ ಅದಕ್ಕಿಂತ ಇಂಪಾದ ಸದ್ದು ಜನ್ಮದಲ್ಲಿ ಕೇಳಿದ ನೆನಪಿರಲಿಲ್ಲ. ಮಲಗಿರಿ ಅಂಕಲ್, ಹಾಗೇ ಮಲಗಿರಿ ಎಂದು ಮನಸ್ಸಿನಲ್ಲೇ ಜೋಗುಳ ಹಾಡಿದ.

ಸಮಾರೋಪ ಚಿತ್ರ ಬಂತು. ಕತ್ತಲು. ಗಾಳಿಯ ಸದ್ದು. ಗೇಟಿನ ಮೇಲೆ ಕಿರಗುಟ್ಟುತ್ತ ತೂಗುವ ತಗಡಿನ ಬೋರ್ಡು, ಟಿವಿ ತುಂಬ ಕೆಂಪು ನಂಬರು.

“ರೀ!” ಎಂದು ಆಂಜನಮ್ಮ ಗಂಡನ ಪಕ್ಕೆಗೆ ತಿವಿದರು. “ಏಳ್ರೀ, ನಮ್ ಬೋರ್ಡು!”

ರಾಮಾಂಜಿನಪ್ಪನವರು ಕಣ್ಣು ಬಿಟ್ಟರು. ಬಿಟ್ಟ ಕಣ್ಣು ಹಾಗೇ ಉಳಿಯಿತು. ತಮ್ಮ ಮೆಟ್ಟಿಲು, ತಮ್ಮ ಬಾಗಿಲು, ತಾವೇ ಆರಿಸಿ ಹಾಕಿಸಿದ ಹಸಿರು ಟೈಲ್ಸು, ಅದರ ಮೇಲೆ ಒದ್ದೆ ಪಾದದ ಗುರುತುಗಳು ಒಂದೊಂದಾಗಿ ಮೂಡುತ್ತಿದ್ದವು. ಯಾರೂ ಬೋಂಡ ಅಗಿಯಲಿಲ್ಲ. ಆಮೇಲೆ ಮಸಿ ಹಿಡಿದ ಅಡುಗೆಮನೆ. ಒಲೆಯ ಮುಂದೆ ಬೆನ್ನು ಹಾಕಿ ಕೂತ ಹೆಂಗಸು ಮೆಲ್ಲಗೆ ಮುಖ ತಿರುಗಿಸಿದಳು.

ಶಮೀಮ್ ಆಂಟಿ “ಯಾ ಅಲ್ಲಾ” ಎಂದು ದುಪಟ್ಟಾ ಕಚ್ಚಿಕೊಂಡರು. ಎಲ್ಲಕ್ಕಿಂತ ಜೋರಾಗಿ ಕಿರುಚಿದವಳು ಭೀಮಬಾಯಿ.

“ಯಪ್ಪೋ! ಯಾರ್ ಆಕಿ?” ಎಂದವಳು, ಮರುಕ್ಷಣ ಮುಂದೆ ಬಾಗಿ ನೋಡಿದಳು. “ಏ ಕಿರಣ್ಯಾ, ನಾನೇ ಅಲ್ಲೇನೋ ಅದು!”

ಯಾರೋ ನಕ್ಕರು. ರಾಮಾಂಜಿನಪ್ಪನವರು ನಗಲಿಲ್ಲ. ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

“ಹಲೋ... ಹೌದು, ನಮ್ದೇ ಮನೆ.” ಅವರ ದನಿ ಗಟ್ಟಿಯಾಗಿತ್ತು. “ಏನು? ದೆವ್ವಾನಾ?... ಎಷ್ಟ್ ದಿನದಿಂದ ಅಂದ್ರೆ...” ಅವರು ಎದ್ದರು. ಕಿರಣನನ್ನು ಒಮ್ಮೆ ನೆಟ್ಟನೋಟದಿಂದ ನೋಡಿ ಹೊರಗೆ ಹೋದರು. ಬಾಗಿಲಿಗೆ ಅಡ್ಡ, ಎಲ್ಲರ ಚಪ್ಪಲಿಗಳ ನಡುವೆಯೇ ನಿಂತು ಮಾತಾಡತೊಡಗಿದರು. ಓಡುವ ದಾರಿಯೂ ಮುಚ್ಚಿತು.

“ಗೋಡೆಗೆ ಮೊಳೆ ಹೊಡೆದ್ರೇ ಇವ್ರು ಬಿಡಲ್ಲ ಕಣಪ್ಪ,” ಎಂದು ಆಂಜನಮ್ಮ ಕಿರಣನ ಕಿವಿಯಲ್ಲಿ ಉಸುರಿ ಅವನ ತಟ್ಟೆಗೆ ಇನ್ನೊಂದು ಬೋಂಡ ಹಾಕಿದರು. ಗಲ್ಲಿಗೇರುವವನ ಕೊನೆಯ ಆಸೆ ತೀರಿಸುವಂತಿತ್ತು ಅವರ ಮುಖ.

ಹೊರಗೆ ಒಂದು ಕರೆ ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ಪ್ರತಿ ಸಲ ರಿಂಗಾದಾಗಲೂ ಕಿರಣ ಎತ್ತಿದ ಬೋಂಡವನ್ನು ಮತ್ತೆ ತಟ್ಟೆಗೇ ಇಡುತ್ತಿದ್ದ. ದೆವ್ವದ ಮನೆ ಎಂದು ಊರೇ ಫೋನ್ ಮಾಡಿ ಅವರನ್ನು ಆಡಿಕೊಳ್ಳುತ್ತಿದೆ. ಮುಗಿಯಿತು ಕತೆ. ಅಪ್ಪ ಡ್ಯೂಟಿಯಿಂದ ಬರುವ ಹೊತ್ತಿಗೆ ಪಾತ್ರೆ ಪಡಗ ಬೀದಿಯಲ್ಲಿರುತ್ತದೆ. ಅವನು ತಾಯಿಯ ಕಡೆ ನೋಡಿದ. ಅವಳು ರೇಷ್ಮೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ಅವಳಿಗೂ ಅವನಷ್ಟೇ ಹೆದರಿಕೆಯಾಗಿತ್ತು.

“ಕಿರಣ. ಬಾರಪ್ಪ ಹೊರಗೆ,” ಎಂದರು ರಾಮಾಂಜಿನಪ್ಪನವರು.

ಕಿರಣ ಹೋದವನೇ ಅವರ ಕಾಲಿಗೆ ಬಿದ್ದ. “ತಪ್ಪಾಯ್ತು ಅಂಕಲ್. ಕೇಳ್ಬೇಕಿತ್ತು. ನಮ್ಮನ್ನ ಮನೆ ಬಿಡಿಸ್ಬೇಡಿ ಅಂಕಲ್, ಅಪ್ಪಂಗೆ ಡಿಪೋ ಹತ್ರ...”

“ಏಯ್, ಏಳು ಏಳು. ಯಾರಪ್ಪ ಬೈದೋರು ನಿನ್ನ?” ಅವರು ಅವನನ್ನು ಎತ್ತಿ ನಿಲ್ಲಿಸಿದರು. ಮುಖ ನೋಡಿದರೆ ಕಿವಿಯಿಂದ ಕಿವಿಗೆ ನಗು. “ಯುಗಾದಿಯಿಂದ ಆ ಬೋರ್ಡು ನೇತಾಡ್ತಿತ್ತು, ಒಂದು ನೊಣ ಫೋನ್ ಮಾಡಿರ್ಲಿಲ್ಲ. ಈಗ ನೋಡು! ಯಾವುದೋ ವೆಬ್ ಸೀರೀಸ್ ಅಂತೆ. ನಮ್ ಮನೇನೇ ಬೇಕಂತೆ ಅವ್ರಿಗೆ. ಇಂಥಾ ಭಯ ಬರೋ ಮನೆ ಬೆಂಗಳೂರಲ್ಲೆಲ್ಲೂ ನೋಡಿಲ್ವಂತೆ. ನನಗಂತೂ ಎದೆ ಉಬ್ಬಿಬಿಡ್ತು ಕಣಪ್ಪ.”

ಕಿರಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂಬ ಅನುಮಾನ ಬಂತು. “ಹಾಗಾದ್ರೆ ಮೇಲ್ಮನೆ ಬಾಡಿಗೆಗೆ ಹೋಯ್ತಾ ಅಂಕಲ್?”

“ಹೋಯ್ತು. ಆದ್ರೆ ಮೇಲ್ಮನೆ ಒಂದೇ ಸಾಲ್ದಂತೆ ಅವ್ರಿಗೆ.” ರಾಮಾಂಜಿನಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿದರು. “ಆ ಅಡುಗೆಮನೆ ಇದೆಯಲ್ಲ, ಮಸಿ ಹಿಡಿದಿರೋದು. ಅದಿಲ್ದೇ ಇದ್ರೆ ಬೇಡ್ವೇ ಬೇಡ ಅಂತಾರೆ.”

“ಅದು... ಅದು ನಮ್ಮನೆ ಅಂಕಲ್.”

“ಗೊತ್ತು ಕಣಪ್ಪ. ಅದಕ್ಕೇ ಕರೆದಿದ್ದು.” ಅವರ ದನಿ ಬೆಣ್ಣೆಯಷ್ಟು ಮೆತ್ತಗಾಯಿತು. “ಬರೋ ತಿಂಗಳಿಗೆ ಖಾಲಿ ಮಾಡ್ಕೊಟ್ಬಿಡಿ. ಗೋಡೆ ಮಾತ್ರ ಒರೆಸ್ಬೇಡಿ. ನಿನ್ ಉಪಕಾರ ಸಾಯೋ ತನಕ ಮರೆಯಲ್ಲ ನಾನು.”

ಈಗ ಕಿರಣನ ಅಪ್ಪ ರಾಮಣ್ಣನ ಸಂಸಾರ ಕೆ.ಆರ್.ಪುರದ ಆಚೆ ಒಂದು ಕೋಣೆಯಲ್ಲಿದೆ. ಡಿಪೋಗೆ ನಡೆದು ಹೋಗುತ್ತಿದ್ದ ರಾಮಣ್ಣ ಬಸ್ಸಿಗೆ ಕಾಯುತ್ತ ಮಗನ ಡಿಗ್ರಿಯನ್ನು ನೆನೆಯುತ್ತಾನೆ. ಕಿರಣನಿಗೆ ‘ಹೊಸಕಣ್ಣು’ ಉತ್ಸವದಲ್ಲಿ ಅತ್ಯುತ್ತಮ ತಾಣದ ಆಯ್ಕೆಗೆ ಒಂದು ಪ್ರಶಸ್ತಿ ಬಂತು. ಹೊಸ ಕೋಣೆಯಲ್ಲಿ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲವಾದ್ದರಿಂದ ಅದು ಪೆಟ್ಟಿಗೆಯಲ್ಲಿದೆ.

ಕಂಪನಿಯವರಿಗೆ ಮನೆಯ ಜೊತೆಗೆ ದೆವ್ವವೂ ಅದೇ ಬೇಕಾಗಿತ್ತು. ಹಾಗಾಗಿ ಭೀಮಬಾಯಿ ಮೆಟ್ರೋ ಹತ್ತಿ ಬೈಯಪ್ಪನಹಳ್ಳಿಗೆ ಹೋಗುತ್ತಾಳೆ, ತನ್ನ ಹಳೆಯ ಅಡುಗೆಮನೆಯಲ್ಲಿ ಕೂದಲು ಬಿಚ್ಚಿ ಕೂರುತ್ತಾಳೆ. ಮೊದಲ ದಿನ ಕಿರಣನೂ ಜೊತೆಗೆ ಹೋಗಿದ್ದ. ಗೇಟಿನ ಬೋರ್ಡನ್ನು ಕಂಪನಿಯವರು ಬಿಚ್ಚಲು ಬಿಟ್ಟಿರಲಿಲ್ಲ. ರಾಮಾಂಜಿನಪ್ಪನವರು ಹೊಸ ಅಂಗಿ ಹಾಕಿ ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು.

ನಿರ್ದೇಶಕ ಮುನಿರಾಜ್ ಎಂಬುವವರು ಬಹಳ ತಾಳ್ಮೆಯಿಂದ ಭೀಮಬಾಯಿಗೆ ವಿವರಿಸಿದರು. “ಅಮ್ಮಾ, ಕಣ್ಣಲ್ಲಿ ಆ ನೋವು ಬರ್ಬೇಕು. ಇದು ನಿಮ್ದೇ ಮನೆ. ಓನರು ನಿಮ್ಮನ್ನ ಹೊರಗೆ ಹಾಕ್ಬಿಟ್ಟಿದಾರೆ. ಬಿಟ್ಟಿರೋಕಾಗದೆ ವಾಪಸ್ ಬಂದಿದೀರಾ. ಹಾಗಂತ ಅನ್ಕೊಳ್ಳಿ.”

ಭೀಮಬಾಯಿ ಮಸಿ ಹಿಡಿದ ಗೋಡೆಯನ್ನೊಮ್ಮೆ ನೋಡಿದಳು. ಆಮೇಲೆ ಕುರ್ಚಿಯಲ್ಲಿದ್ದ ರಾಮಾಂಜಿನಪ್ಪನವರನ್ನು ನೋಡಿದಳು.

“ಅದರಾಗ ಅನ್ಕೊಳ್ಳೂದು ಏನದ್ರಿ ಸಾಹೇಬ್ರ?” ಎಂದಳು.

ಶಾಟ್ ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ರಾಮಾಂಜಿನಪ್ಪನವರು.